ಬ್ಯಾರಕ್ಕಿನಿಂದ ಬ್ಯಾಂಕಿಗೆ: ಮಾಜಿ ಸೈನಿಕರ ಹಾದಿಯಲ್ಲಿ ಪರಿಚಯದ ಪಾತ್ರ

ಅಮೆರಿಕದ ಸೇನೆಯಿಂದ ಬಿಡುಗಡೆಯಾದವರು ನ್ಯೂಯಾರ್ಕಿನ ವಾಲ್ ಸ್ಟ್ರೀಟಿನತ್ತ, ಅಂದರೆ ಷೇರು, ಸಾಲಪತ್ರ ಹಾಗೂ ಕಂಪನಿಗಳ ಖರೀದಿ-ವಿಲೀನದ ವ್ಯವಹಾರ ನಡೆಸುವ ಸಂಸ್ಥೆಗಳತ್ತ ಮುಖ ಮಾಡಿದಾಗ, ಅವರಲ್ಲಿ ಶಿಸ್ತು, ತಂಡವನ್ನು ಮುನ್ನಡೆಸಿದ ಅನುಭವ, ಒತ್ತಡದ ನಡುವೆಯೂ ನಿರ್ಧಾರ ಕೈಗೊಳ್ಳುವ ಅಭ್ಯಾಸ ಎಲ್ಲವೂ ಇದ್ದರೂ, ಆ ಸಂಸ್ಥೆಗಳೊಳಗೆ ಅವರ ಪರವಾಗಿ ಒಂದು ಮಾತು ಹೇಳುವವರು ಅನೇಕ ವೇಳೆ ಯಾರೂ ಇರುವುದಿಲ್ಲ. ಅದೇ ವಯಸ್ಸಿನ ಇತರರು ಕಾಲೇಜಿನ ದಿನಗಳಿಂದಲೇ ತರಬೇತಿ ಉದ್ಯೋಗಗಳ ಮೂಲಕ ಬೆಳೆಸಿಕೊಂಡ ಒಡನಾಟವನ್ನು ಇವರು ಮೂವತ್ತರ ಆಸುಪಾಸಿನಲ್ಲಿ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಪರಿಚಯವು ಉದ್ಯೋಗವಾಗಿ ಫಲಿಸುವ ಬಗೆಯನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧವೊಂದರಲ್ಲಿ ವಿವರಿಸಿದರು. ಬಾಸ್ಟನ್ ಸಮೀಪದ ನ್ಯೂಟನ್‌ನಲ್ಲಿ ಆಗಷ್ಟೇ ಉದ್ಯೋಗ ಬದಲಿಸಿದ್ದ ವೃತ್ತಿಪರರನ್ನು ಅವರು ಸಂದರ್ಶಿಸಿದಾಗ, ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ ಆ ಪರಿಚಿತರನ್ನು ವಾರಕ್ಕೆರಡು ಬಾರಿಯಾದರೂ ಕಾಣುತ್ತಿದ್ದವರು ಕೇವಲ ಶೇ 16.7, ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇ 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪಕ್ಕೆ ಕಾಣುತ್ತಿದ್ದವರು ಶೇ 27.8 ಎಂಬುದು ತಿಳಿದುಬಂತು. ಆಪ್ತರ ಬಳಗದಲ್ಲಿ ಎಲ್ಲರಿಗೂ ಗೊತ್ತಿರುವುದು ಬಹುಮಟ್ಟಿಗೆ ಒಂದೇ ಸುದ್ದಿಯಾದ್ದರಿಂದ, ಬೇರೆ ವಲಯದಲ್ಲಿ ಓಡಾಡುವ ದೂರದ ಪರಿಚಿತರಿಂದಲೇ ಹೊಸ ಅವಕಾಶದ ಮಾಹಿತಿ ಹರಿದುಬರುತ್ತದೆ ಎಂದು ವಾದಿಸಿದ ಅವರು, ಇಂಥ ಸಡಿಲ ಸಂಬಂಧಗಳನ್ನು ದುರ್ಬಲ ನಂಟುಗಳೆಂದು ಕರೆದರು.

ಸೈನಿಕ ಜೀವನ ಬೆಳೆಸುವುದು ಇದಕ್ಕೆ ತದ್ವಿರುದ್ಧವಾದ ಗಾಢ ಬಾಂಧವ್ಯವನ್ನು. ಪ್ರಾಣವನ್ನೇ ಒತ್ತೆಯಿಡಬಲ್ಲ ಆ ಗೆಳೆಯರಿಗೆ ಬ್ಯಾಂಕಿನೊಳಗಿನ ಖಾಲಿ ಹುದ್ದೆಯ ಸುಳಿವು ಇರುವುದಿಲ್ಲ. ಆದ್ದರಿಂದ ಗಾಢ ಬಾಂಧವ್ಯವೂ ಹೊರಗಿನವರತ್ತ ಕೈಚಾಚಿದಾಗಲೇ ಉದ್ಯೋಗದ ವಿಷಯದಲ್ಲಿ ಫಲ ಕೊಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಭೂಸೇನೆಯ ವಾಯುಪಡೆಗಾಗಿ ಅಂಕಿಅಂಶ ನಿಯಂತ್ರಣದ ಕೆಲಸ ಮಾಡಿದ್ದ, ಟೆಕ್ಸ್ ಥಾರ್ನ್‌ಟನ್ ಮುಂದಾಳತ್ವದ ಹತ್ತು ಅಧಿಕಾರಿಗಳು, ತಮ್ಮನ್ನು ಒಂದೇ ಗುಂಪಾಗಿ ನೇಮಿಸಿಕೊಳ್ಳಬೇಕೆಂದು ಎರಡನೆಯ ಹೆನ್ರಿ ಫೋರ್ಡ್ ಅವರಿಗೆ ತಂತಿ ಕಳುಹಿಸಿ, 1946ರಲ್ಲಿ ಫೋರ್ಡ್ ಕಂಪನಿಯನ್ನು ಸೇರಿ, ಅದರ ಹಣಕಾಸು ನಿಯಂತ್ರಣಕ್ಕೆ ಹೊಸ ರೂಪ ಕೊಟ್ಟರು. ಅವರಲ್ಲೊಬ್ಬರಾದ ರಾಬರ್ಟ್ ಮೆಕ್‌ನಮಾರಾ 1968ರಿಂದ 1981ರವರೆಗೆ ವಿಶ್ವಬ್ಯಾಂಕಿನ ಅಧ್ಯಕ್ಷರಾಗಿದ್ದರು.

ಅಂಥ ಧೈರ್ಯ ಎಲ್ಲರಿಗೂ ಇರದ ಕಾರಣ, ದುರ್ಬಲ ನಂಟುಗಳನ್ನು ಒದಗಿಸುವ ಕೆಲಸವನ್ನು ಇಂದು ಸಂಸ್ಥೆಗಳೇ ವಹಿಸಿಕೊಂಡಿವೆ. ಹೂಡಿಕೆ ಬ್ಯಾಂಕಿನಲ್ಲಿ, ಅಂದರೆ ಕಂಪನಿಗಳಿಗೆ ಬಂಡವಾಳ ಹೊಂದಿಸಿಕೊಡುವ ಬ್ಯಾಂಕಿನಲ್ಲಿ ದುಡಿದಿದ್ದ ಸಿಡ್ ಗುಡ್‌ಫ್ರೆಂಡ್ 2008ರಲ್ಲಿ ಸ್ಥಾಪಿಸಿದ ಅಮೆರಿಕನ್ ಕಾರ್ಪೊರೇಟ್ ಪಾರ್ಟ್‌ನರ್ಸ್, ಪ್ರತಿ ಯೋಧನಿಗೂ ಕಂಪನಿಯೊಂದರ ಅನುಭವಿಯನ್ನು ಒಂದು ವರ್ಷದ ಮಟ್ಟಿಗೆ ಮಾರ್ಗದರ್ಶಿಯಾಗಿ ಉಚಿತವಾಗಿ ಜೋಡಿಸುತ್ತದೆ. ಸ್ಕಿಲ್‌ಬ್ರಿಜ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ, ಸೇವೆಯ ಕೊನೆಯ 180 ದಿನಗಳೊಳಗೆ, ಮೇಲಧಿಕಾರಿಯ ಒಪ್ಪಿಗೆಯಿದ್ದರೆ, ಸೇನೆಯ ಸಂಬಳದಲ್ಲೇ ಖಾಸಗಿ ಸಂಸ್ಥೆಯಲ್ಲಿ ತರಬೇತಿ ಪಡೆಯಬಹುದು. 2009ರಿಂದ ಜಾರಿಯಲ್ಲಿರುವ ಶಿಕ್ಷಣ ನೆರವಿನ ಕಾನೂನು 36 ತಿಂಗಳವರೆಗಿನ ಓದಿಗೆ ಸಹಾಯಧನ ನೀಡುವುದರಿಂದ ಎಂಬಿಎ ಪದವಿಯ ದಾರಿಯೂ ತೆರೆದಿದೆ.

ಎಂಬಿಎ ದಾರಿ ಹಿಡಿದವರಿಗೆ ಕಾಲದ ಅರಿವು ಮುಖ್ಯ. ಹೂಡಿಕೆ ಬ್ಯಾಂಕುಗಳು ಈ ಪದವೀಧರರನ್ನು ಹೆಚ್ಚಾಗಿ ಆರಿಸಿಕೊಳ್ಳುವುದು ಎರಡು ವರ್ಷಗಳ ಓದಿನ ನಡುವಣ ಬೇಸಿಗೆ ತರಬೇತಿಗೆ ಬಂದವರಿಂದಲೇ ಆದ್ದರಿಂದ, ಒಳಗಿರುವವರೊಡನೆ ಮಾತುಕತೆ ತರಗತಿ ಆರಂಭವಾಗುವುದಕ್ಕೂ ಮೊದಲೇ ನಡೆದಿರಬೇಕು. ಮೊದಲ ಭೇಟಿಯಲ್ಲಿ ಕೆಲಸ ಕೇಳದೆ, ಆ ಹುದ್ದೆಯ ದಿನಚರಿ, ಬೇಕಾದ ಕೌಶಲ, ಮುಂದೆ ಯಾರನ್ನು ಕಾಣಬೇಕು ಎಂಬ ಮೂರು ವಿಷಯಗಳನ್ನು ಇಪ್ಪತ್ತು ನಿಮಿಷದಲ್ಲಿ ತಿಳಿದುಕೊಂಡು, ಆಮೇಲೆ ಕೃತಜ್ಞತೆಯ ಪತ್ರ ಬರೆಯುವುದು ಫಲಕಾರಿ. ಸೇನೆಯ ಹುದ್ದೆಗಳ ಹೆಸರು ನಾಗರಿಕರಿಗೆ ಅರ್ಥವಾಗದ ಕಾರಣ, ಎಷ್ಟು ಜನರನ್ನು, ಎಷ್ಟು ಬೆಲೆಯ ಸಲಕರಣೆಯನ್ನು ನಿರ್ವಹಿಸಿದೆವೆಂದು ಅಂಕಿಗಳಲ್ಲಿ ಹೇಳಬೇಕು. ಅಮೆರಿಕದ ಷೇರು ದಲ್ಲಾಳಿಗಳ ನಿಯಂತ್ರಣ ಸಂಸ್ಥೆಯಾದ ಫಿನ್ರಾ 2018ರಲ್ಲಿ ಆರಂಭಿಸಿದ ಪ್ರಾಥಮಿಕ ಪರೀಕ್ಷೆಯನ್ನು ಯಾವುದೇ ಕಂಪನಿಯ ಪ್ರಾಯೋಜನವಿಲ್ಲದೆ ಬರೆಯಬಹುದಾದ್ದರಿಂದ, ಅದರಲ್ಲಿ ತೇರ್ಗಡೆಯಾದರೆ ಆಸಕ್ತಿಗೆ ಪುರಾವೆಯೂ ಸಿಗುತ್ತದೆ.

ಈ ವ್ಯವಸ್ಥೆಗೆ ಕೊರತೆಯೂ ಉಂಟು. ವೆಸ್ಟ್ ಪಾಯಿಂಟ್‌ನಂಥ ಸೇನಾ ಅಕಾಡೆಮಿಯಲ್ಲಿ ಓದಿದ ಅಧಿಕಾರಿಗೆ ಹಳೆಯ ವಿದ್ಯಾರ್ಥಿಗಳ ಬಳಗವೇ ಬ್ಯಾಂಕಿನವರೆಗೆ ಹಬ್ಬಿರುವಾಗ, ಸಾಮಾನ್ಯ ಸಿಪಾಯಿಯಾಗಿ ಸೇರಿದವನಿಗೆ ಅಂಥ ಬಳಗವಿಲ್ಲ. ಮಾರ್ಗದರ್ಶನ ಹೆಚ್ಚು ಬೇಕಾಗಿರುವುದು ಅವನಿಗೆ.

ಭಾರತದ ಮಾದರಿ ಬೇರೆ. ಇಲ್ಲಿನ ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಗುಮಾಸ್ತ ಹುದ್ದೆಗಳ ಶೇ 14.5 ಮತ್ತು ಅಧೀನ ಸಿಬ್ಬಂದಿ ಹುದ್ದೆಗಳ ಶೇ 24.5ರಷ್ಟು ಪಾಲು ಮಾಜಿ ಸೈನಿಕರಿಗೆ ಮೀಸಲು. ನೇಮಕವಾಗುವುದು ಪರೀಕ್ಷೆಯ ಮೂಲಕ. ಆದರೆ ಅಧಿಕಾರಿ ಹುದ್ದೆಗಳಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ, ಅಮೆರಿಕದ ಹೂಡಿಕೆ ಬ್ಯಾಂಕಾದ ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಕಚೇರಿ ತೆರೆದ ಬೆಂಗಳೂರಿನ ಖಾಸಗಿ ಹಣಕಾಸು ಸಂಸ್ಥೆಗಳಿಗೂ ಅದು ಇಲ್ಲ. ಅಲ್ಲಿಗೆ ಹೋಗಬಯಸುವ ಮಡಿಕೇರಿಯ ಅಥವಾ ಬೆಳಗಾವಿಯ ಮಾಜಿ ಸೈನಿಕನಿಗೆ ಐಐಎಂಗಳಲ್ಲಿ ಸೇನಾ ಅಧಿಕಾರಿಗಳಿಗಾಗಿ ನಡೆಯುವ ನಿರ್ವಹಣಾ ತರಬೇತಿ, ಷೇರುಪೇಟೆಯ ಶಿಕ್ಷಣಕ್ಕಾಗಿ ಅದರ ನಿಯಂತ್ರಣ ಸಂಸ್ಥೆಯಾದ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪ್ರಮಾಣಪತ್ರ ಮೊದಲಾದವು ಅರ್ಹತೆಯನ್ನು ತಂದುಕೊಡಬಲ್ಲವು. ಹುದ್ದೆಯ ಸುದ್ದಿಯನ್ನು ತರಬೇಕಾದವರು ಅವನಿಗಿಂತ ಕೆಲವೇ ವರ್ಷ ಮೊದಲು ಸಮವಸ್ತ್ರ ಕಳಚಿ ಆ ಸಂಸ್ಥೆಗಳನ್ನು ಸೇರಿದವರು. ಅಂಥವರ ಪಟ್ಟಿಯನ್ನು ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ಕಚೇರಿಗಳು ಸಿದ್ಧಪಡಿಸಿ, ನಿವೃತ್ತಿಗೆ ವರ್ಷವಿರುವಾಗಲೇ ಯೋಧರ ಕೈಗೆ ಕೊಟ್ಟರೆ, ಹೆಚ್ಚಿನ ಖರ್ಚಿಲ್ಲದೆ ಅಮೆರಿಕದ ಅನುಭವದ ಸಾರವನ್ನು ಇಲ್ಲಿಯೂ ಬಳಸಿಕೊಂಡಂತಾಗುತ್ತದೆ.