ಹಂದಿ ಮಾಂಸದ ಒಣ ಮಸಾಲೆ ಪುಡಿ

ಹಂದಿ ಮಾಂಸದ ಒಣ ಮಸಾಲೆ ಪುಡಿಯು ಕರಿಮೆಣಸು, ಕೊತ್ತಂಬರಿ ಬೀಜ, ಜೀರಿಗೆ ಮೊದಲಾದ ಸಂಬಾರ ಪದಾರ್ಥಗಳನ್ನು ನೀರು, ಎಣ್ಣೆ ಸೇರಿಸದೆ ಹುರಿದು ಕುಟ್ಟಿ ತಯಾರಿಸುವ ಮಿಶ್ರಣವಾಗಿದೆ. ಇದನ್ನು ಬೇಯಿಸುವ ಮೊದಲು ಮಾಂಸಕ್ಕೆ ಉಜ್ಜಲಾಗುತ್ತದೆ ಅಥವಾ ಮಾಂಸ ಬೆಂದ ಮೇಲೆ ಕೊನೆಯಲ್ಲಿ ಬೆರೆಸಲಾಗುತ್ತದೆ. ಕರ್ನಾಟಕದ ಮಲೆನಾಡು, ಕೊಡಗು ಮತ್ತು ಕರಾವಳಿ ಪ್ರದೇಶಗಳಲ್ಲಿ ಈ ಪುಡಿಯ ಬೇರೆ ಬೇರೆ ಬಗೆಗಳು ಬಳಕೆಯಲ್ಲಿವೆ. ಅಂಗಡಿಗಳಲ್ಲಿ ಸಿದ್ಧ ಪುಡಿ ದೊರೆಯುತ್ತದೆಯಾದರೂ ಮನೆಯಲ್ಲಿಯೇ ಹುರಿದು ಪುಡಿ ಮಾಡಿಕೊಳ್ಳುವ ರೂಢಿ ಉಳಿದುಕೊಂಡಿದೆ. ಪುಡಿಯ ಗುಣವು ಪದಾರ್ಥಗಳ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ಒಣಗುವಿಕೆ, ಹುರಿಯುವ ಹದ ಮತ್ತು ತಾಜಾತನವನ್ನು ಅವಲಂಬಿಸಿದೆ.

## ಪ್ರದೇಶ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಮತ್ತು ಹೊರನಾಡಿನ ಸುತ್ತಲಿನ ಬೆಟ್ಟಗಳು ಕಾಫಿ, ಕರಿಮೆಣಸು, ಏಲಕ್ಕಿ ಮತ್ತು ಅಡಿಕೆಯ ಸೀಮೆಯಾಗಿದೆ. ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸವು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಭದ್ರಾ ನದಿಯು ಈ ಭಾಗದಲ್ಲಿ ಹರಿಯುತ್ತದೆ. ಹೊರನಾಡು ಅನ್ನಪೂರ್ಣೇಶ್ವರಿ ದೇವಾಲಯಕ್ಕೆ ಪ್ರಸಿದ್ಧವಾಗಿದ್ದು, ಅಲ್ಲಿ ಭಕ್ತರಿಗೆ ನಡೆಯುವ ಅನ್ನದಾನವು ಸಂಪೂರ್ಣ ಸಸ್ಯಾಹಾರವಾಗಿದೆ. ಹಂದಿ ಮಾಂಸದ ಅಡುಗೆಯು ಸುತ್ತಲಿನ ಕಾಫಿ ಸೀಮೆಯ ಮಾಂಸಾಹಾರಿ ಕುಟುಂಬಗಳಿಗೆ ಸೇರಿದುದು. ಒಕ್ಕಲಿಗ ಮತ್ತು ಕ್ಯಾಥೊಲಿಕ್ ಕ್ರೈಸ್ತ ಮನೆತನಗಳನ್ನು ಒಳಗೊಂಡಂತೆ ಹಲವು ಸಮುದಾಯಗಳಲ್ಲಿ ಇದು ರೂಢಿಯಲ್ಲಿದೆ. ಕೊಡಗಿನಲ್ಲಿ ಇದು ಕೊಡವರ ವಿಶೇಷ ಅಡುಗೆಯಾಗಿದೆ.

ಈ ಅಡುಗೆಗೆ ಸಾಕು ಹಂದಿಯ ಮಾಂಸವನ್ನು ಮಾತ್ರ ಬಳಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಡುಹಂದಿಯನ್ನು ಬೇಟೆಯಾಡುವುದು ಅಪರಾಧವಾಗಿದೆ.

## ಕರಿಮೆಣಸು

ಕರಿಮೆಣಸು ಈ ಮಸಾಲೆಯ ಆಧಾರ ಪದಾರ್ಥವಾಗಿದೆ. ಇದು ಪಶ್ಚಿಮ ಘಟ್ಟಗಳ ಮೂಲದ ಬಳ್ಳಿ. ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್, ಹಾಲುವಾಣ, ಹಲಸು ಮುಂತಾದ ಮರಗಳಿಗೆ ಇದನ್ನು ಹಬ್ಬಿಸಲಾಗುತ್ತದೆ. ಕನ್ನಡದಲ್ಲಿ ‘ಮೆಣಸು’ ಎಂಬ ಪದವು ಮೂಲತಃ ಇದಕ್ಕೇ ಸಲ್ಲುತ್ತಿತ್ತು. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಮೆಣಸಿನಕಾಯಿ ಬಂದ ನಂತರ ಎರಡನ್ನೂ ಬೇರ್ಪಡಿಸಿ ಹೇಳಲು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂಬ ಹೆಸರುಗಳು ಬಳಕೆಗೆ ಬಂದವು. ಮೆಣಸಿನಕಾಯಿ ಬರುವ ಮೊದಲು ಈ ಭಾಗದ ಅಡುಗೆಯ ಖಾರಕ್ಕೆ ಕರಿಮೆಣಸೇ ಮುಖ್ಯವಾಗಿತ್ತು. ಘಟ್ಟದ ಮೆಣಸು ಕರಾವಳಿಯ ಬಂದರುಗಳ ಮೂಲಕ ಹೊರದೇಶಗಳಿಗೆ ಹೋಗುತ್ತಿತ್ತು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದಿದ್ದರು.

ತೆನೆಯಲ್ಲಿ ಒಂದೆರಡು ಕಾಳುಗಳು ಹಣ್ಣಾಗಿ ಕೆಂಪಾದಾಗ ಇಡೀ ತೆನೆಯನ್ನು ಕೊಯ್ಯಲಾಗುತ್ತದೆ. ಕಾಳು ಬಿಡಿಸಿ ಕಣದಲ್ಲಿ ಬಿಸಿಲಿಗೆ ಹರಡಿ ಒಣಗಿಸಲಾಗುತ್ತದೆ. ಒಣಗಿಸುವ ಮುನ್ನ ಸುಮಾರು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಕಾಳು ಬೇಗ ಒಣಗಿ, ಒಂದೇ ಸಮನಾದ ಕಪ್ಪು ಬಣ್ಣ ಪಡೆಯುತ್ತದೆ. 100 ಕಿಲೋಗ್ರಾಂ ಹಸಿ ಕಾಳಿನಿಂದ ಸುಮಾರು 33 ಕಿಲೋಗ್ರಾಂ ಒಣ ಮೆಣಸು ದೊರೆಯುತ್ತದೆ. ಮೆಣಸಿನ ಖಾರಕ್ಕೆ ಪೈಪರಿನ್ ಎಂಬ ವಸ್ತುವೂ ಪರಿಮಳಕ್ಕೆ ಅದರಲ್ಲಿನ ಆವಿಯಾಗುವ ತೈಲವೂ ಕಾರಣ. ಕಾಳು ಇಡಿಯಾಗಿರುವವರೆಗೆ ತೈಲವು ಒಳಗೇ ಉಳಿಯುತ್ತದೆ. ಪುಡಿ ಮಾಡಿದ ಮೇಲೆ ಬೇಗ ಆರಿಹೋಗುತ್ತದೆ. ಹಳೆಯ ಪುಡಿಯಲ್ಲಿ ಖಾರ ಉಳಿದಿದ್ದರೂ ಪರಿಮಳ ಇಲ್ಲದಿರುವುದಕ್ಕೆ ಇದೇ ಕಾರಣ.

## ಪದಾರ್ಥಗಳು

ಒಂದು ಕಿಲೋಗ್ರಾಂ ಪಕ್ಕೆಲುಬಿನ ಮಾಂಸಕ್ಕೆ ಸಾಲುವ ಅಳತೆ ಹೀಗಿದೆ. ಮನೆಯಿಂದ ಮನೆಗೆ ಇದು ಬದಲಾಗುತ್ತದೆ.

* ಕೊತ್ತಂಬರಿ ಬೀಜ – 2 ದೊಡ್ಡ ಚಮಚ
* ಕರಿಮೆಣಸು – 1 ದೊಡ್ಡ ಚಮಚ
* ಜೀರಿಗೆ – 1 ಸಣ್ಣ ಚಮಚ
* ಸಾಸಿವೆ – ಅರ್ಧ ಸಣ್ಣ ಚಮಚ
* ಮೆಂತ್ಯ – ಕಾಲು ಸಣ್ಣ ಚಮಚ
* ಬ್ಯಾಡಗಿ ಮೆಣಸಿನಕಾಯಿ – 6ರಿಂದ 8
* ಲವಂಗ – 4, ಏಲಕ್ಕಿ – 2, ಚಕ್ಕೆ – ಬೆರಳಿನ ಒಂದು ಗೆಣ್ಣಿನಷ್ಟು
* ಅರಿಶಿನ ಪುಡಿ – ಅರ್ಧ ಸಣ್ಣ ಚಮಚ
* ಉಪ್ಪು – 2 ಸಣ್ಣ ಚಮಚ (ಸುಮಾರು 12 ಗ್ರಾಂ), ಪ್ರತ್ಯೇಕವಾಗಿ

ಇವುಗಳಲ್ಲಿ ಮೆಣಸು ಮತ್ತು ಏಲಕ್ಕಿ ಬೆಟ್ಟದ ಬೆಳೆಗಳು. ಮೂಡಿಗೆರೆಯ ಸಂಶೋಧನಾ ಕೇಂದ್ರದ ಹೆಸರಿನಲ್ಲಿಯೇ ‘ಮೂಡಿಗೆರೆ-1’ ಎಂಬ ಏಲಕ್ಕಿ ತಳಿಯಿದೆ. ಕೊತ್ತಂಬರಿ, ಜೀರಿಗೆ, ಮೆಂತ್ಯಗಳು ಒಣ ಹವೆಯ ಬೆಳೆಗಳಾದ್ದರಿಂದ ಹೊರಗಿನಿಂದ ಸಂತೆಗೆ ಬರುತ್ತವೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರಕ್ಕೆ ಹೆಸರಾಗಿದ್ದು, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ಖಾರವು ಕರಿಮೆಣಸಿನಿಂದಲೂ ಬಣ್ಣವು ಬ್ಯಾಡಗಿಯಿಂದಲೂ ಬರುವುದು ಈ ಅಳತೆಯ ಲಕ್ಷಣ.

## ಹುರಿಯುವ ಕ್ರಮ

ಎಲ್ಲ ಪದಾರ್ಥಗಳನ್ನು ಒಟ್ಟಿಗೆ ಬಾಣಲೆಗೆ ಹಾಕಿದರೆ ಸಣ್ಣ ಕಾಳುಗಳು ಸೀದು ದೊಡ್ಡವು ಹಸಿಯಾಗಿ ಉಳಿಯುತ್ತವೆ. ಆದ್ದರಿಂದ ಒಂದೊಂದನ್ನೇ ಬೇರೆಯಾಗಿ ಹುರಿಯುವುದು ಕ್ರಮ. ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ಮೊದಲು ಕೊತ್ತಂಬರಿಯನ್ನು ಕಂದು ಬಣ್ಣ ಬರುವವರೆಗೆ ಹುರಿಯಲಾಗುತ್ತದೆ. ನಂತರ ಕರಿಮೆಣಸನ್ನು ಕಾಳು ಬಿಸಿಯಾಗಿ ಪರಿಮಳ ಏಳುವವರೆಗೆ, ಜೀರಿಗೆಯನ್ನು ಒಂದು ಛಾಯೆ ಕಪ್ಪಾಗುವವರೆಗೆ, ಸಾಸಿವೆಯನ್ನು ಸಿಡಿಯುವುದು ನಿಲ್ಲುವವರೆಗೆ ಹುರಿಯಬೇಕು. ಮೆಂತ್ಯವನ್ನು ಕೆಂಬಣ್ಣ ಬಂದ ಕೂಡಲೇ ಇಳಿಸಬೇಕು. ಅದು ಕಪ್ಪಾದರೆ ಅದರ ಕಹಿ ಇಡೀ ಪುಡಿಗೆ ಹರಡುತ್ತದೆ. ಲವಂಗ, ಏಲಕ್ಕಿ, ಚಕ್ಕೆಗಳ ಪರಿಮಳ ಹೆಚ್ಚು ಶಾಖಕ್ಕೆ ಹಾರಿಹೋಗುವುದರಿಂದ ಉರಿ ಆರಿಸಿದ ಬಾಣಲೆಯ ಬಿಸಿಯಲ್ಲಿ ಅವನ್ನು ಬೆಚ್ಚಗೆ ಮಾಡಿದರೆ ಸಾಕು. ಮೆಣಸಿನಕಾಯಿಯನ್ನು ತೊಟ್ಟು ತೆಗೆದು ಕೊನೆಯಲ್ಲಿ ಗರಿಗರಿಯಾಗುವಷ್ಟು ಮಾತ್ರ ಹುರಿಯಲಾಗುತ್ತದೆ. ಅರಿಶಿನ ಪುಡಿಯನ್ನು ಹುರಿಯುವುದಿಲ್ಲ.

ಕೊಡಗಿನ ಪಂದಿ ಕರಿಗೆ ಬಳಸುವ ಪುಡಿಯಲ್ಲಿ ಹುರಿಯುವಿಕೆಯು ಇನ್ನೂ ಮುಂದಕ್ಕೆ ಹೋಗಿ, ಪದಾರ್ಥಗಳು ಕಪ್ಪಿಗೆ ಸಮೀಪದ ಬಣ್ಣಕ್ಕೆ ಬರುತ್ತವೆ. ಕಪ್ಪು ಬಣ್ಣವೂ ಸೀದ ವಾಸನೆಯೂ ಒಂದೇ ಅಲ್ಲ. ಹದವಾಗಿ ಹುರಿದ ಪುಡಿಯು ಹುರಿದ ಕಾಫಿ ಬೀಜದಂತೆ ಘಮಘಮಿಸುತ್ತದೆ. ಸೀದ ಪುಡಿಯು ಮೂಗಿಗೆ ಹೊಗೆಯಂತೆ ಚುಚ್ಚುತ್ತದೆ, ಮತ್ತು ಅದನ್ನು ಯಾವ ಹುಳಿಯಿಂದಲೂ ಸರಿಪಡಿಸಲಾಗದು.

ಹುರಿದವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಬೇಕು. ಬಿಸಿಯಾಗಿರುವಾಗ ಮಿಕ್ಸಿಗೆ ಹಾಕಿದರೆ ಹಬೆಯಿಂದ ಪುಡಿ ಮುದ್ದೆಗಟ್ಟುತ್ತದೆ. ಉಜ್ಜುವ ಪುಡಿ ರವೆಯಷ್ಟು ತರಿತರಿಯಾಗಿದ್ದರೆ ಮಾಂಸಕ್ಕೆ ಚೆನ್ನಾಗಿ ಅಂಟುತ್ತದೆ.

## ಮಾಂಸಕ್ಕೆ ಉಜ್ಜುವುದು

ಪಕ್ಕೆಲುಬಿನ ತುಂಡುಗಳು ಒಣ ಮಸಾಲೆಗೆ ಹೆಚ್ಚು ಒಪ್ಪುತ್ತವೆ. ಉಪ್ಪು ಮಾಂಸದ ಒಳಕ್ಕೆ ಇಳಿಯುತ್ತದೆಯಾದರೂ ಸಂಬಾರಗಳ ಪರಿಮಳವು ಬಹುಪಾಲು ಮೇಲ್ಭಾಗದಲ್ಲಿಯೇ ಉಳಿಯುತ್ತದೆ. ದಪ್ಪ ತುಂಡಿನಲ್ಲಿ ಒಳಭಾಗ ಸಪ್ಪೆಯಾಗುತ್ತದೆ. ಪಕ್ಕೆಲುಬಿನ ಮೇಲಿನ ಮಾಂಸ ತೆಳುವಾಗಿದ್ದು ಎಲ್ಲ ಕಡೆಯಿಂದ ಮಸಾಲೆ ತಗಲುವುದರಿಂದ ಪ್ರತಿ ತುತ್ತಿನಲ್ಲಿಯೂ ರುಚಿ ದೊರೆಯುತ್ತದೆ.

ತೊಳೆದ ಮಾಂಸದ ನೀರನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒದ್ದೆ ಮಾಂಸಕ್ಕೆ ಹಚ್ಚಿದ ಪುಡಿ ಜಾರಿ ಪಾತ್ರೆಯ ತಳ ಸೇರುತ್ತದೆ. ಮೊದಲು ಉಪ್ಪು ಮತ್ತು ಅರಿಶಿನವನ್ನು, ಅರ್ಧ ಗಂಟೆಯ ನಂತರ ಪುಡಿಯ ಮುಕ್ಕಾಲು ಭಾಗವನ್ನು ಉಜ್ಜಿ, ಮುಚ್ಚಿ ಎರಡು ಗಂಟೆಯಿಂದ ಒಂದು ರಾತ್ರಿಯವರೆಗೆ ಇಡಬಹುದು. ಇಷ್ಟು ಹೊತ್ತು ಮಾಂಸವು ಫ್ರಿಜ್ಜಿನಲ್ಲಿರಬೇಕು. ಉಳಿದ ಕಾಲು ಭಾಗವನ್ನು ಮಾಂಸ ಬೆಂದ ಮೇಲೆ ಉದುರಿಸಿದರೆ ದೀರ್ಘ ಬೇಯುವಿಕೆಯಲ್ಲಿ ಕಳೆದುಹೋದ ಪರಿಮಳ ಮರಳುತ್ತದೆ.

## ಬೇಯಿಸುವುದು

ಪಕ್ಕೆಲುಬಿನ ಮಾಂಸವನ್ನು ಮೂಳೆಗೆ ಹಿಡಿದಿಡುವ ಅಂಗಾಂಶವು ಸಣ್ಣ ಉರಿಯಲ್ಲಿ ನಿಧಾನವಾಗಿ ಕರಗುತ್ತದೆ. ಮುಚ್ಚಿದ ದಪ್ಪ ಪಾತ್ರೆಯಲ್ಲಿ, ನೀರು ಹಾಕದೆ ಅಥವಾ ಅರ್ಧ ಲೋಟ ಮಾತ್ರ ಹಾಕಿ, ಕೊಬ್ಬು ಬಿಟ್ಟ ಜಿಡ್ಡಿನಲ್ಲಿಯೇ ಒಂದರಿಂದ ಒಂದೂವರೆ ಗಂಟೆ ಬೇಯಿಸಲಾಗುತ್ತದೆ. ಮಾಂಸ ಮೂಳೆಯಿಂದ ಸುಲಭವಾಗಿ ಬಿಡುವಾಗ ಮುಚ್ಚಳ ತೆಗೆದು ನೀರು ಇಂಗಿಸಿ ಮೇಲ್ಮೈಯನ್ನು ಹುರಿಯಲಾಗುತ್ತದೆ.

ಹುಳಿಯನ್ನು ಕೊನೆಯಲ್ಲಿ ಸೇರಿಸುವುದು ರೂಢಿ. ಕೊಡಗಿನಲ್ಲಿ ಇದಕ್ಕೆ ಕಾಚಂಪುಳಿಯನ್ನು ಬಳಸುತ್ತಾರೆ. ಮಲೆನಾಡಿನಲ್ಲಿ ಉಪ್ಪಾಗೆ ಎಂದು ಕರೆಯುವ ಮರದ ಹಣ್ಣಿನ ರಸವನ್ನು ಕುದಿಸಿ ಗಟ್ಟಿಗೊಳಿಸಿದ ಕಪ್ಪು ದ್ರವ ಇದು. ಮಳೆಗಾಲದಲ್ಲಿ ಮಾಗುವ ಉಪ್ಪಾಗೆಯ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಟ್ಟು ಬಳಸುವುದೂ ಉಂಟು. ಎರಡೂ ದೊರೆಯದಿದ್ದಲ್ಲಿ ನಿಂಬೆರಸ ಸಾಕಾಗುತ್ತದೆ. ಹುಳಿಯು ಕೊಬ್ಬಿನ ಜಿಡ್ಡನ್ನು ನಾಲಿಗೆಗೆ ಹಗುರಗೊಳಿಸುತ್ತದೆ.

ಹಂದಿ ಮಾಂಸವನ್ನು ಅರೆಬೆಂದ ಸ್ಥಿತಿಯಲ್ಲಿ ತಿನ್ನಬಾರದು. ಸರಿಯಾಗಿ ಬೇಯದ ಮಾಂಸದಿಂದ ಲಾಡಿಹುಳು ಮನುಷ್ಯನ ಕರುಳನ್ನು ಸೇರಬಹುದು. ಆ ಹುಳುವಿನ ಮೊಟ್ಟೆಗಳು ಮಲದ ಮೂಲಕ ನೀರು, ಸೊಪ್ಪು, ತರಕಾರಿಗಳಿಗೆ ತಗುಲಿ ಮತ್ತೆ ಹೊಟ್ಟೆ ಸೇರಿದರೆ ಮರಿಗಳು ಮಿದುಳಿನಲ್ಲಿ ನೆಲೆಸಿ ಮೂರ್ಛೆರೋಗಕ್ಕೆ ಕಾರಣವಾಗುತ್ತವೆ. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಈ ಅಪಾಯವಿರುವುದಿಲ್ಲ. ಮೇಲಿನ ಕ್ರಮದಲ್ಲಿ ದೀರ್ಘಕಾಲ ಬೇಯಿಸಿದಾಗ ಈ ಶಾಖವನ್ನು ಸುಲಭವಾಗಿ ಮೀರಲಾಗುತ್ತದೆ. ಮಸಾಲೆಯ ಖಾರವಾಗಲಿ ಹುಳಿಯಾಗಲಿ ಬೇಯುವಿಕೆಗೆ ಬದಲಿಯಲ್ಲ.

## ಸಂಗ್ರಹ

ಹೊರನಾಡು, ಕಳಸದಂತಹ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಪುಡಿಯನ್ನು ಕಾಪಾಡುವುದೇ ಕಷ್ಟದ ಕೆಲಸ. ಆದ್ದರಿಂದ ಪದಾರ್ಥಗಳನ್ನು ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ ಇಡಿಯಾಗಿಯೇ ಭರಣಿಗಳಲ್ಲಿ ತುಂಬಿಟ್ಟು, ಬೇಕಾದಾಗ ಒಂದೆರಡು ಬಾರಿಗೆ ಸಾಲುವಷ್ಟು ಹುರಿದು ಪುಡಿ ಮಾಡುವುದು ಉತ್ತಮ. ಸಂಗ್ರಹಿಸುವ ಪುಡಿಗೆ ಉಪ್ಪನ್ನು ಬೆರೆಸಬಾರದು. ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಇಡೀ ಪುಡಿಯನ್ನು ಗಂಟುಗಟ್ಟಿಸುತ್ತದೆ. ಬಿಗಿಯಾದ ಗಾಜಿನ ಸೀಸೆ, ಒಣ ಚಮಚ ಮತ್ತು ಒಲೆಯ ಹಬೆ ತಾಗದ ಜಾಗ ಅಗತ್ಯ. ಬೂಷ್ಟು ಹಿಡಿದ ಮೆಣಸಿನಕಾಯಿ ಅಥವಾ ಪುಡಿಯನ್ನು ಬಿಸಿಲಿಗಿಟ್ಟು ಮತ್ತೆ ಬಳಸಬಾರದು. ಕೆಲವು ಬೂಷ್ಟುಗಳು ಉತ್ಪಾದಿಸುವ ಅಫ್ಲಾಟಾಕ್ಸಿನ್ ಎಂಬ ವಿಷವು ಮನೆಯ ಹುರಿಯುವಿಕೆಯಿಂದ ಪೂರ್ತಿ ನಾಶವಾಗುವುದಿಲ್ಲ.

## ಕಲಬೆರಕೆ

ಕರಿಮೆಣಸಿಗೆ ಒಣಗಿದ ಪಪ್ಪಾಯಿ ಬೀಜವನ್ನು ಬೆರೆಸುವುದುಂಟು. ಪಪ್ಪಾಯಿ ಬೀಜ ಅಂಡಾಕಾರವಾಗಿ, ಹಸುರು ಮಿಶ್ರಿತ ಕಂದು ಬಣ್ಣದಲ್ಲಿ ಸುಕ್ಕುಗಟ್ಟಿರುತ್ತದೆ. ಲೋಟದ ನೀರಿಗೆ ಹಾಕಿದಾಗ ಬಲಿತ ಮೆಣಸು ತಳ ಸೇರಿ ಪಪ್ಪಾಯಿ ಬೀಜ ತೇಲುತ್ತದೆ. ಎಳೆಯ ಜೊಳ್ಳು ಮೆಣಸು ಸಹ ತೇಲಬಹುದಾದ್ದರಿಂದ ತೇಲಿದ ಕಾಳುಗಳ ಆಕಾರವನ್ನೂ ನೋಡಬೇಕು. ಪುಡಿಯಾದ ಮೆಣಸಿನಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ.

## ಇತರ ಒಣ ಮಸಾಲೆಗಳು

ಮಂಗಳೂರು ಕ್ಯಾಥೊಲಿಕ್ ಸಮುದಾಯದ ಬಾಫಾತ್ ಪುಡಿಯೂ ಹಂದಿ ಮಾಂಸಕ್ಕೆ ಬಳಸುವ ಮಿಶ್ರಣ. ಒಣ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಿಶಿನ ಇದರ ಮುಖ್ಯ ಪದಾರ್ಥಗಳು. ಸಾಂಪ್ರದಾಯಿಕವಾಗಿ ಇವನ್ನು ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡುವುದರಿಂದ ಬಣ್ಣ ಕೆಂಪಾಗಿರುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸಿ ರಾಜ್ಯದ ಮೆಂಫಿಸ್ ನಗರವು ಒಣ ಮಸಾಲೆ ಉಜ್ಜಿದ ಪಕ್ಕೆಲುಬಿಗೆ ಪ್ರಸಿದ್ಧವಾಗಿದೆ. ಅಲ್ಲಿನ ಮಿಶ್ರಣಗಳಲ್ಲಿ ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಉಪ್ಪು ಇರುತ್ತವೆ. ಹಲವು ಮಿಶ್ರಣಗಳಿಗೆ ಸಕ್ಕರೆಯನ್ನೂ ಸೇರಿಸುತ್ತಾರೆ. ಸಕ್ಕರೆ ಹೆಚ್ಚು ಶಾಖದಲ್ಲಿ ಸೀದು ಕಹಿಯಾಗುವುದರಿಂದ ಅಂತಹ ಮಿಶ್ರಣಗಳಿಗೆ ನಿಧಾನದ ಹೊಗೆಯ ಒಲೆ ಹೊಂದುತ್ತದೆ. ಸಕ್ಕರೆಯಿಲ್ಲದ ಮಲೆನಾಡಿನ ಪುಡಿಯು ಕಾದ ಬಾಣಲೆಯ ಹುರಿಯುವಿಕೆಯನ್ನೂ ತಾಳುತ್ತದೆ. ಕೆಲವು ಅಮೆರಿಕನ್ ಮಿಶ್ರಣಗಳಲ್ಲಿ ಕಾಫಿ ಪುಡಿಯೂ ಇರುತ್ತದೆ. ಕಾಫಿ ಬೆಳೆಯುವ ಈ ಬೆಟ್ಟಗಳ ಸಾಂಪ್ರದಾಯಿಕ ಹಂದಿ ಮಸಾಲೆಗೆ ಕಾಫಿ ಪುಡಿ ಸೇರುವುದಿಲ್ಲ.