ಲಿಂಕನ್ನನ ಜೇಬು

ಮಹಾಪುರುಷರು ಶಿಲೆಯಾದಷ್ಟೂ ನಮ್ಮಿಂದ ದೂರವಾಗುತ್ತಾರೆ. ವಾಷಿಂಗ್ಟನ್ ನಗರದಲ್ಲಿ ಅಬ್ರಹಾಂ ಲಿಂಕನ್ನನ 19 ಅಡಿ ಎತ್ತರದ ಅಮೃತಶಿಲೆಯ ಮೂರ್ತಿಯಿದೆ. ಮನುಷ್ಯ ಲಿಂಕನ್ನನನ್ನು ಕಾಣಬೇಕಾದರೆ ಅದೇ ನಗರದ ಸಂಗ್ರಹಗಳತ್ತ ತಿರುಗಬೇಕೆಂದು ನನ್ನ ಎಣಿಕೆ.

1865ರ ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಗುಂಡು ತಗುಲಿದಾಗ ಆತನ ಜೇಬುಗಳಲ್ಲಿದ್ದ ವಸ್ತುಗಳನ್ನು ಮನೆಯವರು ಜೋಪಾನ ಮಾಡಿದರು. 1937ರಲ್ಲಿ ಮೊಮ್ಮಗಳ ಮೂಲಕ ಅವು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಜನರು ಕಂಡದ್ದು 1976ರಲ್ಲಿ. ಅಲ್ಲಿರುವುದೇನು? ಎರಡು ಕನ್ನಡಕಗಳು, ಒಂದರ ಕಡ್ಡಿಯನ್ನು ದಾರದಿಂದ ಕಟ್ಟಿದೆ. ಒಂದು ಚಾಕು, ಕರವಸ್ತ್ರ. ತೊಗಲಿನ ಹಣದ ಚೀಲದಲ್ಲಿ ಐದು ಡಾಲರಿನ ಒಂದೇ ನೋಟು, ಅದೂ ಆತ ಸೋಲಿಸಿದ ದಕ್ಷಿಣ ರಾಜ್ಯಗಳ ಬಂಡಾಯ ಸರ್ಕಾರದ್ದು. ಜೊತೆಗೆ ಪತ್ರಿಕೆಯ ತುಣುಕುಗಳು. ಕೆಲವು ಆತನನ್ನು ಹೊಗಳುವಂಥವು. ನಾಲ್ಕು ವರ್ಷ ನಿಂದೆಯನ್ನುಂಡವನು ನಾಲ್ಕು ಒಳ್ಳೆಯ ಮಾತುಗಳನ್ನು ಜೇಬಿನಲ್ಲಿಟ್ಟುಕೊಂಡಿದ್ದ!

ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿ, ಅಲೆಕ್ಸಾಂಡರ್ ಗಾರ್ಡ್ನರ್ ಅದೇ ವರ್ಷದ ಫೆಬ್ರವರಿಯಲ್ಲಿ ತೆಗೆದ ಛಾಯಾಚಿತ್ರವೊಂದಿದೆ. ಗಾಜಿನ ಫಲಕ ಬಿರಿದದ್ದರಿಂದ ಒಂದೇ ಒಂದು ಪ್ರತಿ ಅಚ್ಚಾಯಿತು. ತಲೆಯ ಮೇಲೆ ಹಾದುಹೋದ ಆ ಬಿರುಕಿನಲ್ಲಿ ವಿಧಿಯ ಸೂಚನೆಯನ್ನು ಕಾಣುವವರುಂಟು. ನಾನಾದರೋ ಅದರ ಕೆಳಗಿನ ಮುಖವನ್ನು ನೋಡಿರೆನ್ನುತ್ತೇನೆ: 56 ತುಂಬದ ಮುಖದಲ್ಲಿ ಮುದುಕನ ದಣಿವು, ತುಟಿಯಂಚಿನಲ್ಲಿ ಕಂಡೂ ಕಾಣದಂಥ ನಗೆ. ಇವನ್ನು ನೋಡಿದ ಬಳಿಕ ಆ ಯುದ್ಧದ ಚರಿತ್ರೆಯನ್ನು ಓದಿದರೆ, ಅದು ಒಬ್ಬ ಮನುಷ್ಯ ಹೊತ್ತ ಭಾರವೂ ಹೌದೆಂಬುದು ತಿಳಿಯುತ್ತದೆ.