ಯಾವ ಆ್ಯಪ್ ಮಾಡಲಿಕ್ಕೂ ಒಂದೇ ಟೂಲ್ ಸಾಕೇ?

'ಕೋಡಿಂಗ್ ಬೇಡ, ಈ ಟೂಲ್ ಒಂದಿದ್ದರೆ ಯಾವ ಆ್ಯಪ್ ಬೇಕಾದರೂ ಉಚಿತವಾಗಿ ಮಾಡಿ' ಎಂಬ ಧಾಟಿಯ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ನಮ್ಮ ಉತ್ತರ: ಅರ್ಧ ನಿಜ. ಕೋಡ್ ಬರೆಯದೆ ಆ್ಯಪ್ ಮಾಡುವುದು ಹೊಸದೇನಲ್ಲ. ಗೂಗಲ್ 2010ರಲ್ಲಿ ತಂದ ಆ್ಯಪ್ ಇನ್ವೆಂಟರ್ ಈಗ ಎಂಐಟಿಯ ಕೈಯಲ್ಲಿದ್ದು, ಇಂದಿಗೂ ಉಚಿತ. ಸುಳ್ಳಿರುವುದು 'ಯಾವ ಆ್ಯಪ್ ಬೇಕಾದರೂ' ಎಂಬಲ್ಲಿ.

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಅನ್ನೇ ತೆಗೆದುಕೊಳ್ಳೋಣ. ತೆಲಂಗಾಣದ ಗಡಿಯಂಚು, ಸುತ್ತ ಕಾಡು. ಇಲ್ಲಿನ ರೈತರಿಗೆ ತೊಗರಿಯ ದಿನದ ದರ ತಿಳಿಸಬೇಕು ಎಂದುಕೊಳ್ಳಿ. ದಿನಕ್ಕೊಂದು ಅಂಕಿ ಹೇಳಲು ಆ್ಯಪ್ ಯಾಕೆ? ಎಸ್‌ಎಂಎಸ್ ಸಾಕು. ಅದು ಕೀಪ್ಯಾಡ್ ಫೋನಿಗೂ ತಲುಪುತ್ತದೆ, ಇಂಟರ್ನೆಟ್ ಬೇಡ. ಹಿಂದಿನ ವಾರದ ದರವೂ ಕಾಣಬೇಕೆಂದರೆ ಹಗುರವಾದ ಒಂದು ವೆಬ್ ಪುಟ ಮಾಡಿ.

ಅದೇ ಊರಿನ ಹೊಲಗಳಿಗೆ ಹೋಗಿ ಬೆಳೆಯ ಫೋಟೊ, ಜಿಪಿಎಸ್ ಸ್ಥಳ ದಾಖಲಿಸುವ ಕೆಲಸವಾದರೆ ಲೆಕ್ಕವೇ ಬೇರೆ. ಸಿಗ್ನಲ್ ಇಲ್ಲದ ಕಡೆ 'ಲೋಡಿಂಗ್' ಚಕ್ರ ತಿರುಗುತ್ತ ಕೂತರೆ ಅರ್ಧ ದಿನದ ದುಡಿಮೆ ಹೋದಂತೆ. ಮಾಹಿತಿಯನ್ನು ಫೋನಿನಲ್ಲೇ ಉಳಿಸಿಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುವ ವ್ಯವಸ್ಥೆ ಬೇಕು. ಅದನ್ನೂ ಬುಡದಿಂದ ಕಟ್ಟಬೇಕಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಶುರುವಾದ ಒಡಿಕೆ ಇಂಥ ಸಮೀಕ್ಷೆಗಳಿಗೆಂದೇ ಇರುವ ಮುಕ್ತ ತಂತ್ರಾಂಶ. ಪ್ರಶ್ನೆಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆದರೆ ಆಂಡ್ರಾಯ್ಡ್ ಫೋನಿಗೆ ಫಾರ್ಮ್ ಸಿದ್ಧವಾಗುತ್ತದೆ. ಗಡಿಯೂರಿಗೆ ಬೇಕಾದಂತೆ ಕನ್ನಡ, ತೆಲುಗು ಎರಡರಲ್ಲೂ ಇಡಬಹುದು. ಸರ್ವರ್ ಖರ್ಚು ಮಾತ್ರ ನಿಮ್ಮದು.

ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ನಡೆಯುವ ದೊಡ್ಡ ಆ್ಯಪ್ ಬೇಕಾದರೆ ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್ ಇವೆ. ಆದರೆ ಅಲ್ಲಿ ಕೋಡಿಂಗ್ ಕಲಿಯಲೇಬೇಕು.

ಇನ್ನು 'ಉಚಿತ' ಎಂಬ ಮಾತು. ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕಲು ಒಂದು ಬಾರಿ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಶುಲ್ಕವಿದೆ. ಅದನ್ನು ಉಳಿಸಲು ಎಪಿಕೆ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲೇ ಹಂಚಿ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಮದುವೆ ಕರೆಯೋಲೆಯ ವೇಷದ ವಂಚಕ ಎಪಿಕೆಗಳು ಬರುವುದೂ ಇದೇ ದಾರಿಯಲ್ಲಿ. ಊರಿನವರಿಗೆ ಆ ಅಭ್ಯಾಸವನ್ನು ನಾವೇ ಮಾಡಿಸಬಾರದು.

ಟೂಲ್ ಕೊಟ್ಟ ಕಂಪನಿ ಅಂಗಡಿ ಮುಚ್ಚಿದರೆ? ಸಾವಿರಾರು ಆ್ಯಪ್‌ಗಳ ಡೇಟಾ ಇಟ್ಟುಕೊಂಡಿದ್ದ ಪಾರ್ಸ್ ಅನ್ನು ಫೇಸ್‌ಬುಕ್ 2013ರಲ್ಲಿ ಕೊಂಡು, 2017ರ ಜನವರಿಯಲ್ಲಿ ನಿಲ್ಲಿಸಿತು. ಒಂದು ವರ್ಷ ಮೊದಲೇ ತಿಳಿಸಿ, ಸರ್ವರ್ ಕೋಡನ್ನೂ ಮುಕ್ತವಾಗಿ ಕೊಟ್ಟಿದ್ದರಿಂದ ಡೇಟಾ ಬೇರೆಡೆ ಸಾಗಿಸಲು ಸಾಧ್ಯವಾಯಿತು. ಎಲ್ಲರೂ ಅಷ್ಟು ಉದಾರಿಗಳಲ್ಲ. ನಿಮ್ಮ ಟೂಲ್‌ನಲ್ಲಿ ಡೇಟಾವನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳುವ ಗುಂಡಿ ಇದೆಯೇ ಎಂದು ಮೊದಲ ದಿನವೇ ಒತ್ತಿ ನೋಡಿ.